ಪ್ರುವಿಟ್ ರಸ್ತೆಯ ಕಾಣೆಯಾದ ಫಲಕ

1987ರ ಮೇ ತಿಂಗಳ ಆ ಶುಕ್ರವಾರ ಬೆಳಗ್ಗೆ ವರ್ಲಿ ಕ್ರಿಸ್ಪ್ ತನ್ನ ಹಳೆಯ ಪಿಕಪ್ ಗಾಡಿಯನ್ನು ಪ್ರುವಿಟ್ ರಸ್ತೆಯ ತಿರುವಿನಲ್ಲಿ ನಿಲ್ಲಿಸುವ ಹೊತ್ತಿಗೆ ಸಾರೆಲ್ ಗ್ಯಾಪ್ ಊರಿನ ಕಾಲುಭಾಗ ಜನ ಅಲ್ಲಿ ಸೇರಿಯಾಗಿತ್ತು. ಎಲ್ಲರೂ ಒಂದು ಖಾಲಿ ಜಾಗವನ್ನು ನೋಡುತ್ತ ನಿಂತಿದ್ದರು.

ಹಿಂದಿನ ಸಂಜೆ ಆ ಜಾಗದಲ್ಲಿ ಕಂಬ ನೆಡಲೆಂದು ತೋಡಿದ ಮೊಣಕಾಲುದ್ದದ ಒಂದು ಗುಂಡಿಯಿತ್ತು. ಗುಂಡಿಯ ಪಕ್ಕ ಟಾರ್ಪಾಲಿನ ಕೆಳಗೆ ಊರಿನ ಇತಿಹಾಸ ಸಮಿತಿ ಎರಕ ಹೊಯ್ಯಿಸಿ ತರಿಸಿದ ಸ್ಮಾರಕ ಫಲಕ ಮಲಗಿತ್ತು. 'ಈ ಘಾಟಿ ರಸ್ತೆಯನ್ನು 1909ರಲ್ಲಿ ಮೇಜರ್ ಎಲೈಜಾ ಪ್ರುವಿಟ್ ಕಟ್ಟಿಸಿದರು' ಎಂದು ಅದರ ಮೇಲೆ ಉಬ್ಬಕ್ಷರಗಳಿದ್ದವು. ಭಾನುವಾರ, ವರ್ಷಕ್ಕೊಮ್ಮೆ ಊರವರೆಲ್ಲ ಸಮಾಧಿಗಳಿಗೆ ಹೊಸ ಮಣ್ಣಿನ ದಿಬ್ಬ ಏರಿಸಿ, ಅಲಂಕರಿಸಿ ಒಟ್ಟಿಗೆ ಊಟ ಮಾಡುವ ದಿನ, ಅದರ ಅನಾವರಣ ಆಗಬೇಕಿತ್ತು. ಈಗ ಫಲಕ ಇರಲಿಲ್ಲ. ಗುಂಡಿಯೂ ಇರಲಿಲ್ಲ. ಗುಂಡಿಗೆ ಮಣ್ಣು ತುಂಬಿ, ಅದರ ಮೇಲೆ ಯಾರೋ ಉದ್ದಕ್ಕೆ ದಿಬ್ಬ ಏರಿಸಿದ್ದರು.

"ದಾರಿ ಬಿಡ್ರಪ್ಪಾ, ಮಿಸ್ ಓನಾ ಬಂದ್ರು," ಎಂದು ಯಾರೋ ಹೇಳಿದರು.

ಓನಾ ಲೆಡ್‌ಬೆಟರ್ ಮೂವತ್ತೊಂದು ವರ್ಷ ಆ ಊರಿನ ಅಂಚೆ ಕಚೇರಿ ನಡೆಸಿದ ಹೆಂಗಸು. ನಿವೃತ್ತಳಾದ ಮೇಲೆ ಕಳೆದುಹೋದ ದನದಿಂದ ಹಿಡಿದು ಚರ್ಚಿನ ಗಂಟೆಯ ತನಕ ಏನು ಕಾಣೆಯಾದರೂ ಜನ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳಿಗೆ ಗಾಡಿ ಓಡಿಸಲು ಬಾರದು. ಆದ್ದರಿಂದ ಅವಳು ಹೋದಲ್ಲೆಲ್ಲ, ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಪಕ್ಕದ ಮನೆಯ ವರ್ಲಿಯೂ ಹೋಗಿರುತ್ತಿದ್ದಳು.

ಪೊಲೀಸ್ ಡೆಪ್ಯುಟಿ ಲಮಾರ್ ಹೆನ್ಸ್‌ಲಿ ಓನಾಳನ್ನು ಕಂಡೊಡನೆ ಟೋಪಿ ತೆಗೆದ. "ಇದ್ರಲ್ಲಿ ಪತ್ತೆ ಮಾಡೋಕೆ ಏನೂ ಉಳಿದಿಲ್ಲ, ಮಿಸ್ ಓನಾ. ಡಾರ್ಸಿ ರೇಮಿ ಕೆಲಸ ಇದು. ಕಳೆದ ತಿಂಗಳು ಸಮಿತಿ ಸಭೇಲಿ ಅವನೇ ಎಲ್ಲರ ಮುಂದೆ ಕೂಗಾಡಿದ್ದ. 'ನಮ್ಮಜ್ಜ ಈ ರಸ್ತೆಗೆ ಬಂಡೆ ಸಿಡಿಸೋವಾಗ ಕೈ ಕಳ್ಕೊಂಡ, ಫಲಕದ ಮೇಲೆ ಮಾತ್ರ ಮೇಜರ್ ಹೆಸರಾ? ನಿಲ್ಸಿ ನೋಡೋಣ, ಕಿತ್ತು ಹಳ್ಳಕ್ಕೆ ಹಾಕ್ತೀನಿ' ಅಂತ."

"ಅಂಥವನ ಕೈಲೇ ಗುಂಡಿ ತೋಡ್ಸಿದ್ರಾ?"

"ಕೋಪ ಬೇರೆ, ಕೆಲಸ ಬೇರೆ ಅಂತ ಅವನೇ ಬಂದು ಒಪ್ಕೊಂಡ. ನಿನ್ನೆ ಅರ್ಧ ತೋಡಿ, ಬಂಡೆ ಸಿಕ್ತು, ನಾಳೆ ಹಾರೆ ತರ್ತೀನಿ ಅಂತ ಹೋದ. ಮೇಲಾಗಿ ಈ ದಿಬ್ಬ ನೋಡಿ. ಊರಲ್ಲಿ ಸಮಾಧಿಗೆ ದಿಬ್ಬ ಕಟ್ಟೋನು ಯಾರು? ಚರ್ಚಿನ ಸ್ಮಶಾನ ನೋಡ್ಕೊಳ್ಳೋ ಡಾರ್ಸಿ ತಾನೆ. ಮೇಜರ್ ಹೆಸರನ್ನೇ ಹೂತು ಹಾಕ್ದೆ ಅಂತ ತಮಾಷೆ ಮಾಡಿದಾನೆ."

ಜನರ ನಡುವೆ ಡಾರ್ಸಿ ನಿಂತಿದ್ದ. ಐವತ್ತೆಂಟರ ಎತ್ತರದ ಮನುಷ್ಯ. ತಲೆ ಬಗ್ಗಿಸಿ ತನ್ನ ಬೂಟುಗಳನ್ನೇ ನೋಡುತ್ತಿದ್ದ. "ನಾನಲ್ಲ," ಎಂದಷ್ಟೇ ಹೇಳಿದ. ಇಪ್ಪತ್ತೆರಡು ವರ್ಷದಿಂದ ಅವನು ಆ ಊರಿನ ಸತ್ತವರಿಗೆ ಗುಂಡಿ ತೋಡುತ್ತಿದ್ದ. ಸ್ಮಶಾನದ ಪಕ್ಕದ ಪುಟ್ಟ ಮನೆ ಆ ಕೆಲಸದ ಜೊತೆಗೆ ಬಂದದ್ದು. ಶನಿವಾರ ಮಧ್ಯಾಹ್ನ ಚರ್ಚಿನ ಹಿರಿಯರು ಸೇರುತ್ತಾರೆ, ಕದಿಯುವವನ ಕೈಗೆ ಸತ್ತವರನ್ನು ಒಪ್ಪಿಸಲಾಗದು ಎಂದು ಅವನನ್ನು ತೆಗೆದುಹಾಕುತ್ತಾರೆ ಎಂಬ ಮಾತು ಆಗಲೇ ಬಾಯಿಂದ ಬಾಯಿಗೆ ಹಬ್ಬುತ್ತಿತ್ತು.

ಗುಂಪಿನ ಅಂಚಿನಲ್ಲಿ ಹಾರ್ಲನ್ ಪ್ರುವಿಟ್ ನಿಂತಿದ್ದ. ಮೇಜರನ ಮೊಮ್ಮಗ, ಸಮಿತಿಯ ಅಧ್ಯಕ್ಷ, ಊರಿನ ಹಾರ್ಡ್‌ವೇರ್ ಅಂಗಡಿಯ ಯಜಮಾನ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ. ಅರವತ್ತೇಳಾದರೂ ಮೇವಿನ ಮೂಟೆಯನ್ನು ದಿಂಬಿನಂತೆ ಎತ್ತುವ ಆಳು. "ಲಮಾರ್, ದೂರು ಗೀರು ಏನೂ ಬೇಡ," ಎಂದು ಅವನು ಮೆಲ್ಲಗೆ ಹೇಳಿದ. "ಇನ್ನೊಂದು ಫಲಕ ಮಾಡಿಸಿದ್ರಾಯ್ತು. ಡಾರ್ಸಿನ ಬಿಟ್ಬಿಡು."

ಎಂಥ ದೊಡ್ಡ ಮನಸ್ಸು ಎಂದುಕೊಂಡಳು ವರ್ಲಿ. ಡಾರ್ಸಿ ಮಾತ್ರ ಥಟ್ಟನೆ ತಲೆ ಎತ್ತಿದ. "ಮಾಡ್ದೇ ಇರೋ ತಪ್ಪಿಗೆ ಕ್ಷಮೆ ನನಗ್ಯಾಕೆ, ಹಾರ್ಲನ್?"

ಓನಾ ಇದನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳು ದಿಬ್ಬದ ಪಕ್ಕ ಕಷ್ಟಪಟ್ಟು ಮಂಡಿಯೂರಿದ್ದಳು.

"ವರ್ಲಿ, ಬಾ ಇಲ್ಲಿ. ಗುಂಡಿ ಎಲ್ಲಿತ್ತು?"

"ಇಲ್ಲೇ, ರಸ್ತೆ ಕಡೆ ತುದೀಲಿ. ಒದ್ದೆ ಮಣ್ಣು ಇಲ್ಲಷ್ಟೇ ಇದೆ."

"ದಿಬ್ಬ ಎಲ್ಲೀ ತನಕ ಇದೆ?"

ವರ್ಲಿ ಹೆಜ್ಜೆ ಹಾಕಿ ಅಳೆದಳು. ಗುಂಡಿಯಿಂದ ಪಶ್ಚಿಮಕ್ಕೆ, ಬೆಟ್ಟದ ದರೆಯ ಕಡೆಗೆ, ಸುಮಾರು ಆರಡಿ ಉದ್ದ. ದರೆಯ ತುಂಬ ನೀಲಿ ಹೂವಿನ ಹಬ್ಬುಬಳ್ಳಿ. ಹಳೆಯ ಸಮಾಧಿಗಳ ಮೇಲೆ ನೆಡುವ ಬಳ್ಳಿ ಅದು; ಆದರೆ ಈಚೆಗೆ ಎಲ್ಲರ ಅಂಗಳದಲ್ಲೂ ಬೆಳೆಯುವುದರಿಂದ ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ. ದಿಬ್ಬ ಮುಗಿಯುವಲ್ಲಿ ಓನಾ ಬಳ್ಳಿಯನ್ನು ಮೃದುವಾಗಿ ಸರಿಸಿದಳು. ಕೆಳಗೆ ಪಾಚಿ ಹಿಡಿದ, ಅಂಗೈಯಗಲದ ಒಂದು ಕಾಡುಗಲ್ಲು ನೆಟ್ಟಗೆ ಹೂತುಕೊಂಡಿತ್ತು. ಅದರ ಮೇಲೆ ಅಕ್ಷರವಿರಲಿಲ್ಲ. ಓನಾ ಬಳ್ಳಿಯನ್ನು ಮತ್ತೆ ಮೊದಲಿನಂತೆಯೇ ಹೊದಿಸಿದಳು.

"ಇನ್ನೊಂದು ನೋಡು. ಈ ಮಣ್ಣನ್ನ ಹೆಂಗೆ ಸಮ ಮಾಡಿದಾರೆ?"

ವರ್ಲಿ ಬಾಗಿ ನೋಡಿದಳು. ದಿಬ್ಬದ ಮೈಮೇಲೆಲ್ಲ ಅಂಗೈ ಗುರುತುಗಳು, ಅಗಲವಾದ ಕೈಗಳು. ರೊಟ್ಟಿಯ ಹಿಟ್ಟನ್ನು ತಟ್ಟಿದಂತೆ ತುದಿಯಿಂದ ತುದಿಗೆ ತಟ್ಟಿದ್ದರು.

"ಡಾರ್ಸಿ," ಎಂದು ಓನಾ ಕರೆದಳು, "ನೀನು ದಿಬ್ಬನ ಯಾವುದ್ರಲ್ಲಿ ತಟ್ತೀಯಾ?"

"ಸಲಿಕೆ ಬೆನ್ನಲ್ಲಿ, ಮಿಸ್ ಓನಾ. ಕೈಯಲ್ಲಿ ತಟ್ತಾ ಕೂತ್ರೆ ಭಾನುವಾರದೊಳಗೆ ನೂರಾ ನಲವತ್ತು ಸಮಾಧಿ ಮುಗ್ಸೋದು ಹೆಂಗೆ?"

ಯಾರೋ ನಕ್ಕರು. ಲಮಾರ್ ನಗಲಿಲ್ಲ.

*

ಮಧ್ಯಾಹ್ನ ಅವರಿಬ್ಬರೂ ಸಮಿತಿಯ ಕಾರ್ಯದರ್ಶಿ ಐಡೆಲಾ ಸ್ವಾಫರ್ಡ್ ಮನೆಗೆ ಹೋದರು. ಐಡೆಲಾ ಊರಿನ ಅರ್ಧ ಜನಕ್ಕೆ ಓದು ಕಲಿಸಿದ ಮೇಡಂ. ಹಕ್ಕಿಯಂತೆ ಸಣ್ಣ ದೇಹ, ಹಕ್ಕಿಯಂತೆಯೇ ಚುರುಕು ಮಾತು.

"ನನ್ನ ಮೇಲೂ ಅನುಮಾನ ಪಡ್ಬಹುದು ನೀವು," ಎನ್ನುತ್ತ ಸಭೆಯ ನಡಾವಳಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಫಲಕದ ಮೇಲಿನ ಮಾತು ನನಗೂ ಹಿಡಿಸಿರ್ಲಿಲ್ಲ. ಮೇಜರ್ ರಸ್ತೆ ಕಟ್ಟಿಸಿದ, ನಿಜ. ಕಟ್ಟಿದೋರು? ಕಾಲಿಗೆ ಸರಪಳಿ ಹಾಕಿ ಬಯಲುಸೀಮೆಯಿಂದ ತಂದ ಕೈದಿಗಳು, ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿ ಇಲ್ಲೇ ಸತ್ರು. ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ. ರಸ್ತೆ ಏರಿಗೆ ಮಣ್ಣು ತುಂಬೋವಾಗ ಅದರೊಳಗೇ ಹಾಕಿದ್ರು ಅಂತಾರೆ. ಅವರ ಬಗ್ಗೆ ಒಂದೇ ಒಂದು ಸಾಲು ಸೇರ್ಸಿ ಅಂದೆ."

"ಹಾರ್ಲನ್ ಏನಂದ?"

"ಜಾಗ ಸಾಲಲ್ಲ ಅಂದ. ಮುಖ ಮಾತ್ರ ಕೆಂಪಗಾಗಿತ್ತು."

ಓನಾ ಪುಟ ತಿರುಗಿಸುತ್ತ ಹೋದಳು. "ಫಲಕ ಎಲ್ಲಿರ್ಬೇಕು ಅನ್ನೋ ಮಾತು ಮೂರು ಸಭೇಲಿ ಬಂದಿದೆ. ಮೂರರಲ್ಲೂ ಹಾರ್ಲನ್ ಹಳ್ಳದ ಕಡೇನೇ ಇರ್ಲಿ, ದರೆ ಕಡೆ ಬೇಡ ಅಂದಿದಾನೆ. ಮತ್ತೆ ದರೆ ಕಡೆಗೆ ಹೆಂಗೆ ಬಂತು?"

"ಫೆನ್‌ವಿಕ್ ಸಾಹೇಬ್ರ ಉಪಕಾರ!" ಐಡೆಲಾ ಕೈ ಆಡಿಸಿದಳು. "ಫ್ಲಾರಿಡಾದಿಂದ ಬಂದು ಹಳ್ಳದ ಕಡೆ ಮನೆ ಕಟ್ಕೊಂಡಿದಾರಲ್ಲ. ಫಲಕ ನನ್ನ ಗೇಟಿಗೆ ಅಡ್ಡ ಬರುತ್ತೆ ಅಂತ ಹೆದ್ದಾರಿಯವರಿಗೆ ಕಾಗದ ಬರೆದ್ರು. ಮಂಗಳವಾರ ಹೆದ್ದಾರಿ ಮನುಷ್ಯ ಬಂದು ಗುರುತಿನ ಗೂಟನ ದರೆ ಕಡೆಗೆ ನೆಟ್ಟ. ನಾನೂ ಆಗ್ಲಿ ಅಂದೆ. ಹಾರ್ಲನ್ ಊರಲ್ಲಿರ್ಲಿಲ್ಲ. ಮಗಳಿಗೆ ಹೆರಿಗೆ ಆಯ್ತು ಅಂತ ಆಶ್‌ವಿಲ್‌ಗೆ ಹೋದೋನು ನಿನ್ನೆ ಸಂಜೆ ಬಂದ."

"ಫೆನ್‌ವಿಕ್‌ಗೆ ಈಗ ಸಮಾಧಾನ ಆಗಿರ್ಬೇಕು."

"ಸಮಾಧಾನವೇನು, ನನಗೊಂದು ಬುಟ್ಟಿ ಕಿತ್ತಳೆಹಣ್ಣೇ ಕಳ್ಸಿದಾರೆ! ತಗೊಂಡು ಹೋಗಿ, ನನ್ನೊಬ್ಬಳಿಗೆ ಜಾಸ್ತಿ."

ಹೊರಡುವಾಗ ಐಡೆಲಾ ಹಣ್ಣಿನ ಚೀಲವನ್ನು ವರ್ಲಿಯ ಕೈಗಿಟ್ಟು, ತಾನೇ ಮೆಟ್ಟಿಲ ತನಕ ಬಂದು ಓನಾಳ ಮೊಣಕೈ ಹಿಡಿದು ಇಳಿಸಿದಳು. ಓನಾ ಆ ಸಣ್ಣ ಕೈಯನ್ನು ತುಸು ಹೊತ್ತು ತನ್ನ ಅಂಗೈಯಲ್ಲಿಟ್ಟುಕೊಂಡು ತಟ್ಟಿದಳು. ಅದು ಬರೀ ಪ್ರೀತಿ ಎಂದು ವರ್ಲಿ ತಿಳಿದಳು.

*

ಶನಿವಾರ ಬೆಳಗ್ಗೆ ಡಾರ್ಸಿಯ ಮನೆಯಲ್ಲಿ ಅವನ ಹೆಂಡತಿ ಟ್ರೆಸ್ಸಿ ಕಣ್ಣು ಊದಿಸಿಕೊಂಡಿದ್ದರೂ ಕಾಫಿ ಕಾಸಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದುಕೊಂಡಿದ್ದವು. ಒಂದರೊಳಗೆ ಆಗಲೇ ಪಾತ್ರೆಗಳನ್ನು ಸುತ್ತಿಟ್ಟಿದ್ದಳು.

"ಮನೆ ಬಿಡಿ ಅಂತ ಅವರು ಹೇಳೋಕೆ ಮುಂಚೆ ನಾನೇ ತಯಾರಾಗಿರ್ತೀನಿ," ಎಂದಳು. "ಕೂತ್ಕೊಳ್ಳಿ. ಕೇಕ್ ಇದೆ. ತಿನ್ನೋ ಧೈರ್ಯ ಇದ್ರೆ ತಿನ್ನಿ."

ಮೇಜಿನ ಮೇಲೆ ಗಾಜಿನ ತಟ್ಟೆಯಲ್ಲಿ ಒಣಸೇಬಿನ ಪದರದ ಕೇಕ್ ಇತ್ತು. ಮೂರೇ ಪದರ, ಅಂಚೆಲ್ಲ ಕಪ್ಪು. ವರ್ಲಿ ಚೂರು ಮುರಿದು ಬಾಯಿಗೆ ಹಾಕಿ ಮುಖ ಕಿವಿಚಿದಳು.

"ಅಯ್ಯೋ ದೇವ್ರೇ, ಯಾರೇ ಮಾಡಿದ್ದು ಇದನ್ನ? ಹಲಗೆ ಅಗಿದ ಹಾಗಿದೆ. ಈ ಕೇಕ್ ಮಾಡಿದ ಮೇಲೆ ಎರಡು ದಿನ ಮುಚ್ಚಿಡ್ಬೇಕು, ಸೇಬಿನ ರಸ ಇಳೀಬೇಕು. ನಾಲ್ಕನೇ ಕ್ಲಾಸಿನ ಹುಡುಗೀಗೂ ಗೊತ್ತು."

"ಬೆಳಗ್ಗೆ ಬಾಗಿಲು ತೆಗೆದಾಗ ಜಗಲಿ ಮೇಲಿತ್ತು," ಎಂದಳು ಟ್ರೆಸ್ಸಿ. "ಯಾರ ಮನೇದು ಅಂತ ನೋಡೋಣ ಅಂದ್ರೆ ಹೆಸರೇ ಇಲ್ಲ."

ಓನಾ ಕೇಕನ್ನು ಬೇರೆ ತಟ್ಟೆಗೆ ಜಾರಿಸಿ ಗಾಜಿನ ತಟ್ಟೆಯನ್ನು ಬೋರಲು ಹಾಕಿದಳು. ಆ ಊರಿನಲ್ಲಿ ಸಾವಿನ ಮನೆಗೋ ಕಾಯಿಲೆಯ ಮನೆಗೋ ಊಟ ಕಳಿಸುವವರೆಲ್ಲ ತಟ್ಟೆಯ ತಳಕ್ಕೆ ತಮ್ಮ ಹೆಸರು ಬರೆದ ಅಂಟುಪಟ್ಟಿ ಹಚ್ಚುತ್ತಾರೆ. ತಿಂದವರು ತಟ್ಟೆಯಲ್ಲಿ ಇನ್ನೇನನ್ನಾದರೂ ಇಟ್ಟು ಮರಳಿಸಬೇಕು. ಖಾಲಿ ತಟ್ಟೆ ಹಿಂದಿರುಗುವುದು ಸಲ್ಲ. ಈ ತಟ್ಟೆಯ ತಳದಲ್ಲಿ ಪಟ್ಟಿಯನ್ನು ಕೆರೆದು ತೆಗೆದ ಗುರುತಿತ್ತು. ಅಂಟು ಇನ್ನೂ ಬೆರಳಿಗೆ ಹತ್ತುತ್ತಿತ್ತು.

"ಉಪಕಾರ ಮಾಡಿ ಹೆಸರು ಮುಚ್ಚಿಟ್ಟಿದಾರೆ," ಎಂದಳು ವರ್ಲಿ. "ಎಷ್ಟು ಒಳ್ಳೇವ್ರು!"

"ಒಳ್ಳೇವ್ರೇ," ಎಂದಳು ಓನಾ. ಆಮೇಲೆ ಡಾರ್ಸಿಯ ಕಡೆ ತಿರುಗಿದಳು. "ಫಲಕ ಬಂದ ಮರದ ಪೆಟ್ಟಿಗೆ ಏನಾಯ್ತಪ್ಪಾ?"

"ಗುರುವಾರ ನಾನೇ ಮುಚ್ಚಳ ಕಿತ್ತು ಫಲಕ ಹೊರಗೆ ತೆಗೆದೆ. ಖಾಲಿ ಪೆಟ್ಟಿಗೇನ ಹೋಗ್ತಾ ದಾರೀಲಿ ಪ್ರುವಿಟ್ ಅಂಗಡಿ ಹಿಂದೆ ಇಟ್ಟು ಬಂದೆ, ಮುಚ್ಚಳ ಮೇಲೆ ಸುಮ್ನೆ ಮುಚ್ಚಿಟ್ಟು. ಮೊಳೆ ನೋಡಿ, ಇನ್ನೂ ಜೇಬಲ್ಲೇ ಇವೆ." ಸೊಟ್ಟಗಾದ ಹತ್ತು ಹನ್ನೆರಡು ಮೊಳೆಗಳನ್ನು ಅವನು ಮೇಜಿನ ಮೇಲೆ ಸುರಿದ. "ನೆಟ್ಟಗೆ ಮಾಡಿ ಬಳಸೋಣ ಅಂತಿದ್ದೆ."

ಅಲ್ಲಿಂದ ಅವರು ಪ್ರುವಿಟ್ ಅಂಗಡಿಗೆ ಹೋದರು. ಓನಾಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳಗಳು ಬೇಕಿದ್ದವಂತೆ. ಹಾರ್ಲನ್ ನಿದ್ದೆಯಿಲ್ಲದವನಂತೆ ಕಾಣುತ್ತಿದ್ದ. ಮುಚ್ಚಳ ಎಣಿಸುವಾಗ ಎರಡು ಸಲ ತಪ್ಪಿದ.

"ಮೊಮ್ಮಗು ಹೆಂಗಿದೆ, ಹಾರ್ಲನ್?"

"ಚೆನ್ನಾಗಿದೆ, ಮಿಸ್ ಓನಾ. ಹೆಣ್ಣು. ನಮ್ಮಮ್ಮನ ಹೆಸರೇ ಇಟ್ಟಿದಾರೆ, ರೋಡಾ ಅಂತ." ಒಂದು ಕ್ಷಣ ಅವನ ಮುಖ ಬೆಳಗಿ ಮತ್ತೆ ಆರಿತು.

ವರ್ಲಿಯ ಷೂ ದಾರ ಬಿಚ್ಚಿಕೊಂಡಿತ್ತು. ಮೇವಿನ ಮೂಟೆಗಳ ಹಿಂದೆ ಒಂದು ಚಪ್ಪಟೆ ಮರದ ಪೆಟ್ಟಿಗೆ ಇತ್ತು. ಅದರ ಮೇಲೆ ಕೂತು ದಾರ ಕಟ್ಟಿಕೊಂಡಳು. ಏಳುವಾಗ ಹೊಳೆಯುವ ಹೊಸ ಮೊಳೆಯ ತಲೆಯೊಂದು ಅವಳ ಲಂಗಕ್ಕೆ ಸಿಕ್ಕಿ ಪರ್ರೆಂದು ಹರಿಯಿತು. "ಹಾಳಾದ್ದು!" ಎಂದು ಗೊಣಗಿದಳು. ಓನಾ ಬಂದು ಹರಿದ ಜಾಗವನ್ನು ಬಹಳ ಹೊತ್ತು ನೋಡಿದಳು. ವರ್ಲಿಗೆ ಅವಳ ಕಾಳಜಿ ಕಂಡು ಸಂತೋಷವೇ ಆಯಿತು.

*

ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆಯ ಮೇಜುಗಳ ತುಂಬ ಹೆಂಗಸರು ಮಾಡಿಟ್ಟ ಕಾಗದದ ಹೂಗಳಿದ್ದವು. ಮಳೆಗೆ ಕರಗದಿರಲೆಂದು ಮೇಣದಲ್ಲಿ ಅದ್ದಿದವು. ಪಾದ್ರಿಗಳು, ಹಿರಿಯರು, ಲಮಾರ್, ಐಡೆಲಾ, ಹಾರ್ಲನ್, ಫೆನ್‌ವಿಕ್ ಎಲ್ಲ ಸೇರಿದ್ದರು. ಡಾರ್ಸಿ ಕುರ್ಚಿಯಿದ್ದರೂ ಕೂರದೆ ಗೋಡೆಗೊರಗಿ ನಿಂತಿದ್ದ. ಟ್ರೆಸ್ಸಿ ಅವನ ತೋಳು ಹಿಡಿದಿದ್ದಳು.

"ತೀರ್ಮಾನಕ್ಕೆ ಮುಂಚೆ ನಂದೊಂದೆರಡು ಮಾತು," ಎಂದಳು ಓನಾ. "ಫಲಕ ಕದಿಯೋನು ಫಲಕ ಹೊತ್ಕೊಂಡು ಓಡ್ತಾನೆ. ಗುಂಡಿ ಮುಚ್ಚುತ್ತಾ ಕೂರಲ್ಲ. ಇಲ್ಲಿ ಬಂದೋನಿಗೆ ಫಲಕ ಬೇಕಿರ್ಲಿಲ್ಲ. ಗುಂಡಿ ಬೇಡ ಆಗಿತ್ತು."

"ದಿಬ್ಬ ಯಾಕೆ ಮತ್ತೆ?" ಎಂದ ಲಮಾರ್.

"ದಿಬ್ಬದಿಂದಲೇ ನನಗೆ ಗೊತ್ತಾಗಿದ್ದು. ಗುಂಡಿ ಎರಡಡಿ, ದಿಬ್ಬ ಆರಡಿ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ, ನಮ್ಮ ಸ್ಮಶಾನದಲ್ಲಿ ಮಲಗಿರೋರೆಲ್ಲರ ಹಾಗೆ. ತಲೆ ಕಡೆ ಬಳ್ಳಿ ಕೆಳಗೆ ಒಂದು ಹಳೇ ಕಲ್ಲು ನೆಟ್ಟಿದೆ. ದಿಬ್ಬ ಸರಿಯಾಗಿ ಆ ಕಲ್ಲಿಗೇ ಬಂದು ನಿಲ್ಲುತ್ತೆ. ಅಲ್ಲಿ ಒಂದು ಸಮಾಧಿ ಇದೆ. ಬಂದೋನಿಗೆ ಅದು ಮೊದ್ಲಿಂದ ಗೊತ್ತಿತ್ತು. ಅದರ ಕಾಲ ಮೇಲೆ ಕಂಬ ಹೂಳೋದನ್ನ ಅವನು ಸಹಿಸ್ಲಿಲ್ಲ."

ಓನಾ ಮುಂದುವರಿಸಿದಳು.

"ಫೆನ್‌ವಿಕ್ ಅವರೇ, ನಿಮ್ಮ ಗೇಟು ಮಂಗಳವಾರವೇ ಉಳೀತು. ಮೇಲಾಗಿ ನಮ್ಮ ಹಾಗೆ ಸಮಾಧಿಗೆ ದಿಬ್ಬ ಕಟ್ಟೋದು ನಿಮಗೆ ಗೊತ್ತಾ?"

"ನಾನದನ್ನ ಹೂವಿನ ಪಾತಿ ಅಂದ್ಕೊಂಡೆ, ಮೇಡಂ," ಎಂದ ಫೆನ್‌ವಿಕ್. ಹಿರಿಯರಲ್ಲೊಬ್ಬರು ಕೆಮ್ಮಿ ನಗು ನುಂಗಿದರು.

"ಐಡೆಲಾ ಗೂಟ ಅಲ್ಲಿಗೆ ಬರೋಕೆ ಒಪ್ಪಿದವಳು. ಸಮಾಧಿ ಇದೆ ಅಂತ ಗೊತ್ತಿದ್ರೆ ಒಪ್ತಿರ್ಲಿಲ್ಲ. ದಿಬ್ಬದ ಮೇಲಿನ ಕೈಗುರುತು ಅವಳ ಕೈಗೆ ಎರಡರಷ್ಟಿದೆ. ಇನ್ನು ಡಾರ್ಸಿ." ಅವಳು ಅವನ ಕಡೆ ತಿರುಗಿದಳು. "ಇವನಿಗೆ ಗೊತ್ತಿದ್ರೆ ಅಲ್ಲಿ ಗುದ್ದಲೀನೇ ಹಾಕ್ತಿರ್ಲಿಲ್ಲ. ತೋಡೋವಾಗ ಗೊತ್ತಾಗಿದ್ರೆ ಟೋಪಿ ತೆಗೆದು ನೇರ ಪಾದ್ರಿಗಳ ಹತ್ರ ಬರ್ತಿದ್ದ. ಇಪ್ಪತ್ತೆರಡು ವರ್ಷದಿಂದ ಇವನನ್ನ ನೋಡಿದೀರಿ, ಇದನ್ನ ನಾನು ಹೇಳ್ಬೇಕಾ? ಇವನು ದಿಬ್ಬ ತಟ್ಟೋದು ಸಲಿಕೇಲಿ. ಅದನ್ನ ತಟ್ಟಿರೋದು ಬರಿಗೈಲಿ. ಕೆಲಸದೋನ ಕೈ ಅಲ್ಲ ಅದು, ಬೇಕಾದೋರ ಕೈ."

"ಹಂಗಾದ್ರೆ ಯಾರು?" ಎಂದ ಲಮಾರ್.

"ನಡಾವಳಿ ಪುಸ್ತಕ ಓದಿದೆ. ಫಲಕ ದರೆ ಕಡೆ ಬೇಡ ಅಂತ ಮೂರು ಸಲ ಹೇಳಿದೋನು ಒಬ್ಬನೇ. ಗೂಟ ಬದಲಾದಾಗ ಅವನು ಊರಲ್ಲಿರ್ಲಿಲ್ಲ. ಗುರುವಾರ ಸಂಜೆ ವಾಪಸ್ ಬಂದ, ಗುಂಡಿ ನೋಡಿದ. ಬೆಳಗಾದ್ರೆ ಕಂಬ ನಿಲ್ಲಿಸಿ ಕಾಂಕ್ರೀಟು ಹಾಕ್ತಾರೆ. ಗುಂಡಿ ಬೇಡ ಅಂದ್ರೆ ಯಾಕೆ ಅಂತ ಹೇಳ್ಬೇಕು, ಹೇಳೋಕೆ ಆಗಲ್ಲ. ಫಲಕವೇ ಇಲ್ದಿದ್ರೆ ಕಂಬವೂ ಇಲ್ಲ. ಹೊತ್ಕೊಂಡು ಹೋಗಿ, ಅದು ಬಂದ ಪೆಟ್ಟಿಗೇಲೇ ಇಟ್ಟು ಮೊಳೆ ಹೊಡೆದ. ಪೆಟ್ಟಿಗೆ ಖಾಲಿ ಅಂತ ಎಲ್ಲರಿಗೂ ಗೊತ್ತಲ್ಲ, ಯಾರು ನೋಡ್ತಾರೆ? ಆದ್ರೆ ಹಳೇ ಮೊಳೆ ಡಾರ್ಸಿ ಜೇಬಲ್ಲಿದ್ವು. ಹೊಸ ಮೊಳೆ ಹೊಡೀಬೇಕಾಯ್ತು. ಖಾಲಿ ಪೆಟ್ಟಿಗೆಗೆ ಯಾರೂ ಮೊಳೆ ಹೊಡಿಯಲ್ಲ. ವರ್ಲಿ, ಬೆಳಗ್ಗೆ ನೀನು ಕೂತಿದ್ದು ಫಲಕದ ಮೇಲೇ ಕಣೇ."

ವರ್ಲಿಗೆ ಕಿವಿ ತನಕ ಬಿಸಿಯೇರಿತು. ಅವಳು ತನ್ನ ಹರಿದ ಲಂಗವನ್ನು ನೋಡಿಕೊಂಡಳು.

"ಆಮೇಲೆ ತನ್ನ ತಪ್ಪು ಡಾರ್ಸಿ ತಲೆ ಮೇಲೆ ಬಿತ್ತು ಅಂತ ಕಂಡಾಗ ಅವನಿಗೆ ನಿದ್ದೆ ಬರ್ಲಿಲ್ಲ. ಅಡುಗೆ ಬರಲ್ಲ, ಆದ್ರೂ ಕೇಕ್ ಮಾಡಿದ. ತೀರಿಹೋದ ಹೆಂಡತಿ ಹೆಸರನ್ನ ತಟ್ಟೆ ತಳದಿಂದ ಕೆರೆದು ತೆಗೆದು ಜಗಲಿ ಮೇಲಿಟ್ಟು ಹೋದ." ಓನಾ ದನಿ ತಗ್ಗಿಸಿದಳು. "ಮುಂದಿನ ಮಾತು ನಾನು ಹೇಳೋದಲ್ಲ."

ಹಾರ್ಲನ್ ಪ್ರುವಿಟ್ ಎದ್ದು ನಿಂತ. ಅವನ ದೊಡ್ಡ ಕೈಗಳು ಮೇಜಿನ ಅಂಚನ್ನು ಹಿಡಿದಿದ್ದವು.

"ಅವನ ಹೆಸರು ಲೆಮ್," ಎಂದ. "ಪೂರ್ತಿ ಹೆಸರು ಅಮ್ಮನಿಗೂ ಗೊತ್ತಿರ್ಲಿಲ್ಲ. ಅಮ್ಮ ಹೊಸದಾಗಿ ಮದುವೆಯಾಗಿ ಬಂದಿದ್ಲು. ಕೈದಿಗಳಿಗೆ ನೀರು ಕೊಡೋ ಕೆಲಸ ಅವಳದು. ಅವನೊಬ್ಬ ಮಾತ್ರ ನೀರು ಕುಡಿದು ಚೊಂಬು ತೊಳೆದು ವಾಪಸ್ ಕೊಡ್ತಿದ್ನಂತೆ. ಜ್ವರದಲ್ಲಿ ಸತ್ತ. ಏರಿ ಮಣ್ಣಿಗೆ ಹಾಕಿ ಅಂದ್ರಂತೆ ನಮ್ಮಜ್ಜ. ಅಜ್ಜ ಚರ್ಚಿಗೆ ಹೋದ ಭಾನುವಾರ, ಇನ್ನಿಬ್ರು ಕೈದಿಗಳ ಕೈ ಹಿಡಿದು ಕೇಳ್ಕೊಂಡು, ಅಮ್ಮ ಅವನನ್ನ ದರೇಲಿ ಮಲಗಿಸಿದ್ಲು. ತನ್ನ ಮದುವೆ ಕೌದಿ ಹೊದಿಸಿ. ಆ ಬಳ್ಳಿ ನೆಟ್ಟಿದ್ದೂ ಅವಳೇ. ಸಾಯೋವಾಗ ನನಗೆ ಹೇಳಿದ್ಲು, ಒಬ್ಬನೇ ಆದ್ರೂ ನೆಲದಲ್ಲಿ ನೆಟ್ಟಗೆ ಮಲಗಿದಾನೆ, ಅವನನ್ನ ನೋಡ್ಕೋ ಅಂತ."

"ಮತ್ತೆ ನನ್ನ ಆ ಒಂದು ಸಾಲು?" ಎಂದಳು ಐಡೆಲಾ. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ಆ ಸಾಲು ಹಾಕಿದ್ರೆ ಎಲ್ಲಿ ಹೂತ್ರು, ಯಾರು ಹೂತ್ರು ಅಂತ ಕೇಳ್ತಾರೆ. ಅಜ್ಜನ ಹೆಸರು ಹಾಳಾಗುತ್ತೆ. ಮೂವತ್ತು ವರ್ಷ ಪ್ರತಿ ಮೇ ತಿಂಗಳಲ್ಲೂ ಹೋಗಿ ಎಲೆ ಕಸ ತೆಗೆದು ಬಂದಿದೀನಿ. ಯಾರಿಗೂ ಗೊತ್ತಾಗ್ಬಾರ್ದು ಅಂತ ಒಂದು ಸಲಾನೂ ದಿಬ್ಬ ಕಟ್ಲಿಲ್ಲ. ಮೊನ್ನೆ ಗುಂಡಿಗೆ ಮಣ್ಣು ತುಂಬಿದೆ. ತುಂಬಿದ ಮೇಲೆ ಎದ್ದು ಬರ್ಬೇಕಿತ್ತು. ಆಗ್ಲಿಲ್ಲ. ಎಲ್ಲರಿಗೂ ಮಾಡ್ತೀವಿ, ಇವನೊಬ್ಬನಿಗೆ ಮಾಡಿಲ್ವಲ್ಲ ಅನ್ನಿಸ್ತು. ಕೈ ನಿಲ್ಲಲೇ ಇಲ್ಲ."

ಅವನು ಗೋಡೆಯ ಕಡೆ ತಿರುಗಿದ. "ಡಾರ್ಸಿ, ನಿನ್ನೆ ಬೆಳಗ್ಗೇನೇ ನಾನಿದನ್ನ ಹೇಳ್ಬೇಕಿತ್ತು. ನಿನ್ನನ್ನ ಬಿಟ್ಬಿಡಿ ಅಂದೆ, ನಾನು ಮಾಡ್ದೆ ಅನ್ಲಿಲ್ಲ. ಸತ್ತೋನಿಗೆ ತೋರ್ಸಿದ ಮರ್ಯಾದೇನ ಬದುಕಿರೋನಿಗೆ ತೋರಿಸ್ಲಿಲ್ಲ."

ಟ್ರೆಸ್ಸಿ ಮೊದಲು ಅತ್ತಳು, ಆಮೇಲೆ ಸಿಟ್ಟಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಪಾತ್ರೆ ಎಲ್ಲ ಪೆಟ್ಟಿಗೆಗೆ ತುಂಬಿದ್ನಲ್ಲ, ಹಾರ್ಲನ್!"

"ನಾನು ಬಂದು ತೆಗೆದಿಡ್ತೀನಿ, ಟ್ರೆಸ್ಸಿ."

"ಮುಟ್ಬೇಡ. ಒಡೆದು ಹಾಕ್ತೀಯ."

ಪಾದ್ರಿಗಳು ಹಿರಿಯರ ಮುಖ ನೋಡಿದರು. ಹಿರಿಯರು ತಮ್ಮ ಕೈಗಳನ್ನು ನೋಡಿಕೊಂಡರು. ಡಾರ್ಸಿಯ ಕೆಲಸದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಲಮಾರ್ ಎದ್ದು ಅವನ ಹತ್ತಿರ ಹೋಗಿ ಕೈ ಚಾಚಿದ. ಡಾರ್ಸಿ ತಡೆದು ತಡೆದು ಅದನ್ನು ಹಿಡಿದುಕೊಂಡ.

ಹೊರಗೆ ಗಾಡಿಯಲ್ಲಿ ಕೂತ ಮೇಲೆ ವರ್ಲಿ ಕೇಳಿದಳು: "ಹಾರ್ಲನ್ ಹೆಸರನ್ನ ನೀವೇ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಅವನು ಸಿಕ್ಕಿಬಿದ್ದ ಹಾಗಾಗ್ತಿತ್ತು. ಅವನೇ ಎದ್ದ, ಒಪ್ಕೊಂಡ ಹಾಗಾಯ್ತು. ಅವನು ಈ ಊರಲ್ಲೇ ಬಾಳ್ಬೇಕಲ್ಲ, ವರ್ಲಿ."

ಭಾನುವಾರ ಫಲಕದ ಅನಾವರಣ ನಡೆಯಲಿಲ್ಲ. ಅದು ಪೆಟ್ಟಿಗೆಯೊಳಗೇ ಉಳಿಯಿತು. ಅದರ ಮೇಲೆ ಏನು ಬರೆಸಬೇಕೆಂದು ಐಡೆಲಾ ಮತ್ತು ಹಾರ್ಲನ್ ಕೂತು ಮಾತಾಡುವುದೆಂದಾಯಿತು. ಸ್ಮಶಾನದ ತುಂಬ ಹೊಸ ಮಣ್ಣಿನ ದಿಬ್ಬಗಳು, ಮೇಣದ ಹೂಗಳು. ಪ್ರಾರ್ಥನೆಯ ಕೊನೆಗೆ, ಪ್ರತಿ ವರ್ಷದಂತೆ, ಅಲ್ಲಿ ಮಲಗಿರುವವರ ಹೆಸರುಗಳನ್ನು ಡಾರ್ಸಿ ಟೋಪಿ ಕಂಕುಳಲ್ಲಿಟ್ಟುಕೊಂಡು ಒಂದೊಂದಾಗಿ ಓದಿದ. ಕೊನೆಯ ಹೆಸರಾದ ಮೇಲೆ ಹಾಳೆ ಮಡಚಿ ಜೇಬಿಗಿಟ್ಟ. ಆದರೆ ನಿಂತ ಜಾಗ ಬಿಟ್ಟು ಕದಲಲಿಲ್ಲ.

"ಲೆಮ್," ಎಂದ. "ಊರು ಗೊತ್ತಿಲ್ಲ. ನಮ್ಮ ರಸ್ತೆ ಕಡಿದವನು."

ಎಲ್ಲರ ಹಿಂದೆ ನಿಂತಿದ್ದ ಹಾರ್ಲನ್ ಮುಖ ಬೇರೆ ಕಡೆ ತಿರುಗಿಸಿದ. ಎಲ್ಲರೂ ಅವನನ್ನು ನೋಡದಂತೆ ನಟಿಸಿದ್ದು ಆ ದಿನ ಊರು ತೋರಿದ ಮೊದಲ ಕರುಣೆ ಎಂದು ವರ್ಲಿಗೆ ಅನ್ನಿಸಿತು.

ಊಟದ ಹೊತ್ತಾ‌ಯಿತು. ಮರದ ಕೆಳಗೆ ಮೇಜು ಹಾಕಿದ್ದರು. ನಿಂಬೆ ಪಾನಕ ತುಂಬಿದ ದೊಡ್ಡ ತಗಡಿನ ತೊಟ್ಟಿಯನ್ನು ಬಾವಿಕಟ್ಟೆಯಿಂದ ಅಲ್ಲಿಗೆ ತರಬೇಕಿತ್ತು. ಡಾರ್ಸಿ ಒಬ್ಬನೇ ಅದರ ಹತ್ತಿರ ಹೋಗಿ ಒಂದು ಹಿಡಿಯನ್ನು ಹಿಡಿದು ಬಾಗಿ ನಿಂತ. ಸಹಾಯಕ್ಕೆ ಇಬ್ಬರು ಮೂವರು ಮುಂದೆ ಬಂದರು. ಅವನು ತಲೆಯಾಡಿಸಿ ಅವರನ್ನು ತಡೆದ. ದೂರ ನಿಂತಿದ್ದ ಹಾರ್ಲನ್‌ನ ಕಡೆಗೊಮ್ಮೆ ನೋಡಿದ.

"ಏನಪ್ಪಾ, ನಾನು ಎಷ್ಟು ಹೊತ್ತು ಹಿಂಗೇ ಬಗ್ಗಿ ನಿಂತಿರ್ಲಿ?"

ಹಾರ್ಲನ್ ಬಂದು ಇನ್ನೊಂದು ಹಿಡಿಗೆ ಕೈ ಹಾಕಿದ. ಇಬ್ಬರೂ ಹೆಜ್ಜೆಗೆ ಹೆಜ್ಜೆ ಸೇರಿಸಿ, ಒಂದು ಹನಿಯೂ ಚೆಲ್ಲದಂತೆ, ತೊಟ್ಟಿಯನ್ನು ಎತ್ತಿಕೊಂಡು ನೆರಳಿನ ಕಡೆ ನಡೆದರು.